ಹಿಂದಿನ ಸೀಟಿನ ಮೀಟರು

ವಿಶ್ವಕರ್ಮ ಪೂಜೆಯ ದಿನ ಕೋಲ್ಕತ್ತಾದಲ್ಲಿ ಯಾರೂ ಸ್ಪ್ಯಾನರ್ ಮುಟ್ಟುವುದಿಲ್ಲ. ಕಾರ್ಖಾನೆ, ಗ್ಯಾರೇಜು, ಪ್ರೆಸ್ಸು, ಸೈಕಲ್ ಅಂಗಡಿ, ಎಲ್ಲ ಕಡೆಯೂ ಸಲಕರಣೆಗಳು ಮೈ ತೊಳೆಸಿಕೊಂಡು, ಚೆಂಡು ಹೂವಿನ ಹಾರ ಹಾಕಿಕೊಂಡು, ಆನೆಯ ಮೇಲೆ ಕುಳಿತ ದೇವರ ಮುಂದೆ ಸಾಲಾಗಿ ಮಲಗಿರುತ್ತವೆ. ಗಂಡಸರು, ಹುಡುಗರು ತಾರಸಿ ಹತ್ತಿ ಗಾಳಿಪಟ ಹಾರಿಸುತ್ತಾರೆ. ಅಂಥ ದಿನ ನಾನು ಖಿದಿರ್‌ಪುರದ ನಮ್ಮ ಕ್ವಾರ್ಟರ್ಸಿನ ಮೆಟ್ಟಿಲ ಕೆಳಗೆ ಹಳೆಯ ಪೇಪರು ಹಾಸಿಕೊಂಡು ಕುಳಿತು, ನಮ್ಮ ಮೋಟರ್‌ಸೈಕಲ್ಲಿನ ಸ್ಪೀಡೋಮೀಟರ್ ಬಿಚ್ಚಲು ಶುರು ಮಾಡಿದೆ.

ಇದು ಪಾಪವಲ್ಲವೇ ಎಂದು ನೀವು ಕೇಳಬಹುದು. ಮೇಲಿನ ಮನೆಯ ಮಾಶಿಮಾ, ಅಂದರೆ ಬಂಗಾಳಿ ಚಿಕ್ಕಮ್ಮ, ಕೇಳಿಯೇ ಬಿಟ್ಟರು. ಪ್ರಸಾದದ ಖಿಚುಡಿ ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿದ್ದವರು ನನ್ನನ್ನು ನೋಡಿ ಅಲ್ಲೇ ನಿಂತರು.

"ಆಜ್ ಜೊಂತ್ರೇ ಹಾತ್ ದಿತೇ ನೇಯಿ, ಬಾಬಾ."

ಇವತ್ತು ಯಂತ್ರಕ್ಕೆ ಕೈ ಹಚ್ಚಬಾರದು ಎಂದು ಅದರ ಅರ್ಥ. ನಾನು ನನ್ನ ಮುರುಕು ಬಂಗಾಳಿಯಲ್ಲಿ ವಿವರಿಸಿದೆ. ನಮ್ಮ ಕಡೆ ಆಯುಧ ಪೂಜೆ ನವಮಿಗೆ ಬರುತ್ತದೆ, ಅದಕ್ಕೆ ಇನ್ನೂ ಸಮಯವಿದೆ, ಅಲ್ಲಿಯವರೆಗೆ ನನ್ನ ಸ್ಕ್ರೂಡ್ರೈವರಿಗೆ ರಜೆ ಇಲ್ಲ ಎಂದೆ. ಮಾಶಿಮಾ ಯೋಚಿಸಿದರು.

"ಸ್ಕ್ರೂಡ್ರೈವರ್ ನಿಮ್ಮ ದೇಶದ್ದು ಇರಬಹುದು. ಗಾಡಿಯ ನಂಬರ್ ನಮ್ಮ ಊರಿನದಲ್ಲವೇ?" ಎಂದು ಹೇಳಿ ಮೇಲೆ ಹೋದರು. ಉತ್ತರಕ್ಕೆ ಕಾಯಲೂ ಇಲ್ಲ.

ಅವರು ಹೇಳಿದ್ದು ಸರಿಯೇ. ಆ ಗಾಡಿ ಇಲ್ಲಿನದೂ ಹೌದು, ನಮ್ಮದೂ ಹೌದು. ಅದಕ್ಕೆ ವರ್ಷಕ್ಕೆ ಎರಡು ಹಬ್ಬ. ವಿಶ್ವಕರ್ಮ ಪೂಜೆಗೆ ಗ್ಯಾರೇಜಿನ ಗೋಪಾಲ್‌ದಾ ಹಾರ ಹಾಕುತ್ತಿದ್ದ. ನವಮಿಗೆ ನನ್ನ ಹೆಂಡತಿ ಗಿರಿಜಾ ಅರಿಶಿನ ಕುಂಕುಮ ಹಚ್ಚಿ, ಗಾಲಿಗೆ ನಿಂಬೆಹಣ್ಣು ಇಟ್ಟು, ತೆಂಗಿನಕಾಯಿ ಒಡೆಯುತ್ತಿದ್ದಳು. ಆಫೀಸಿನಲ್ಲಿ ನನಗೇ ಅಷ್ಟು ಮರ್ಯಾದೆ ಇರಲಿಲ್ಲ. ಬಂದರಿನ ಸರಕು ವಿಭಾಗದಲ್ಲಿ ಗುಮಾಸ್ತ ನಾನು. ಪಿಯುಸಿ ಓದಿ, ಧಾರವಾಡದ ಕಡೆಯ ಹಳ್ಳಿಯಿಂದ ಇಲ್ಲಿಗೆ ಬಂದವನು. ಹೂಗ್ಲಿ ನದಿಯನ್ನು ಮೊದಲ ಸಲ ನೋಡಿದಾಗ ಇದು ಯಾವ ಕಡೆಗೆ ಹರಿಯುತ್ತದೆ ಎಂದು ಯಾರನ್ನೋ ಕೇಳಿದ್ದೆ. "ಈಗ ಈ ಕಡೆ, ಸಂಜೆ ಆ ಕಡೆ" ಎಂದಿದ್ದರು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡಿದ್ದೆ. ಸಮುದ್ರದ ಉಬ್ಬರಕ್ಕೆ ನದಿಯೂ ಹಿಂದೆ ಸರಿಯುತ್ತದೆ ಎಂದು ಆಮೇಲೆ ತಿಳಿಯಿತು.

ಬೆಳಿಗ್ಗೆ ಮೊದಲು ಗೋಪಾಲ್‌ದಾನ ಹತ್ತಿರವೇ ಹೋಗಿದ್ದೆ. ಇಸ್ತ್ರಿ ಮಾಡಿದ ಪಂಜಾಬಿ ಜುಬ್ಬಾ ತೊಟ್ಟು, ಕೈಯಲ್ಲಿ ಒಂದು ಹನಿ ಎಣ್ಣೆ ಇಲ್ಲದೆ ನಿಂತಿದ್ದ ಅವನನ್ನು ಗುರುತು ಹಿಡಿಯುವುದೇ ಕಷ್ಟವಾಯಿತು. ನಾಳೆ ಬನ್ನಿ ದಾದಾ ಎಂದ. ನಾಳೆ ಎನ್ನುವುದು ನನಗೆ ಆಗುವ ಮಾತಾಗಿರಲಿಲ್ಲ. ಬಹಳ ದಿನ ಕಾದ ಮೇಲೆ ಆವತ್ತು ಬೆಳಿಗ್ಗೆ ಎಲ್ಲಿಂದಲೋ ಸ್ವಲ್ಪ ಧೈರ್ಯ ಬಂದಿತ್ತು. ಅದು ಮರುದಿನದವರೆಗೆ ಉಳಿಯುವ ಜಾತಿಯದಲ್ಲ.

ಧೈರ್ಯ ಯಾಕೆ ಬೇಕಾಯಿತು ಎಂದು ಹೇಳುತ್ತೇನೆ. ಗಿರಿಜಾ ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಅಂದಿನಿಂದ ಗಾಡಿ ಮೆಟ್ಟಿಲ ಕೆಳಗೇ ನಿಂತಿತ್ತು. ಅದರ ಮೇಲೆ ಅವಳದೇ ಒಂದು ಹಳೆಯ ಜಮಖಾನೆ ಹೊದಿಸಿದ್ದೆ. ಬೆಕ್ಕೊಂದು ಸೀಟಿನ ಮೇಲೆ ಸಂಸಾರ ಹೂಡಿತ್ತು. ಮಗಳು ಸುಮಾ ಸಾಲ್ಟ್ ಲೇಕಿನ ಸೆಕ್ಟರ್ ಫೈವಿನಲ್ಲಿ ಕೆಲಸ ಮಾಡುತ್ತಾಳೆ. ಆ ಕಡೆ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿದೆ. ಇವಳು ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬಂದು ಮಲಗುತ್ತಾಳೆ, ಸಂಜೆ ಕಂಪನಿಯ ಕಾರು ಬಂದು ಹಾರ್ನ್ ಹೊಡೆಯುತ್ತದೆ. ಅವಳ ಆಫೀಸಿನಲ್ಲಿ ಬೆಂಗಳೂರಿನವನೊಬ್ಬನಿಗೆ ಹಳೆಯ ಮೋಟರ್‌ಸೈಕಲ್ಲಿನ ಹುಚ್ಚಂತೆ. ಇವಳು ಮಾತಿಗೆ ಮಾತು ಬಂದಾಗ ನಮ್ಮ ಗಾಡಿಯ ಸುದ್ದಿ ಹೇಳಿದ್ದಾಳೆ. ಅವನು ಭಾನುವಾರ ಬಂದು ನೋಡುತ್ತೇನೆ, ಕೊಟ್ಟರೆ ಒಯ್ಯುತ್ತೇನೆ ಎಂದಿದ್ದಾನೆ.

"ನೀ ಓಡಸ್ತೀಯೋ, ಕೊಡ್ತೀಯೋ, ಒಂದ್ ಡಿಸೈಡ್ ಮಾಡಪ್ಪಾ. ಹಿಂಗ ನಿಂತ್ರ ತುಕ್ಕ ಹಿಡದ ಹೋಗ್ತೈತಿ," ಎಂದಳು ಸುಮಾ.

"ಓಡಸ್ತೀನಿ."

"ಹಂಗಾರ ಸಂಡೇ ಒಳಗ ಓಡ್ಸು."

ಓಡಿಸಲು ಪ್ರಯತ್ನಿಸಿರಲಿಲ್ಲ ಎಂದಲ್ಲ. ಬೇಸಿಗೆಯಲ್ಲಿ ಒಂದು ಸಲ ಬೆಕ್ಕನ್ನು ಎಬ್ಬಿಸಿ, ಗಾಡಿ ಹೊರಗೆ ತಳ್ಳಿ, ಒದ್ದು ಶುರು ಮಾಡಿ, ಹಡಗು ನಿಲ್ಲುವ ಡಾಕಿನ ಗೋಡೆಯ ಪಕ್ಕದ ರಸ್ತೆಯವರೆಗೆ ಹೋಗಿದ್ದೆ. ಮೂರನೆಯ ಗೇರ್ ಹಾಕಿದೆ. ಕಿವಿ ತಾನಾಗಿಯೇ ಹಿಂದಕ್ಕೆ ಹೋಯಿತು. ಯಾರೂ ಏನೂ ಹೇಳಲಿಲ್ಲ. ಗಾಡಿ ನಿಲ್ಲಿಸಿದೆ. ಇಳಿದು ತಳ್ಳಿಕೊಂಡು ಮನೆಗೆ ಬಂದೆ. ದಾರಿಯಲ್ಲಿ ಸಿಕ್ಕವರಿಗೆ ಪೆಟ್ರೋಲ್ ಮುಗಿಯಿತು ಎಂದೆ.

ಹಿಂದಿನಿಂದ ಯಾರು ಏನು ಹೇಳಬೇಕಿತ್ತು ಎನ್ನುವುದಕ್ಕೆ ನನ್ನ ಚಾಳೀಸಿನ ಕತೆ ಹೇಳಬೇಕು. ನಲವತ್ತು ದಾಟುತ್ತಿದ್ದ ಹಾಗೆ ನನಗೆ ಹತ್ತಿರದ ಅಕ್ಷರ ಮಸುಕಾಗತೊಡಗಿತು. ದೂರದ ಬಸ್ಸಿನ ನಂಬರು ಸರಿಯಾಗಿ ಕಾಣುತ್ತಿತ್ತು, ಕೈಯಲ್ಲಿನ ಟಿಕೆಟ್ಟಿನ ನಂಬರು ಕಾಣುತ್ತಿರಲಿಲ್ಲ. ಆಫೀಸಿನಲ್ಲಿ ಕನ್ನಡಕ ಹಾಕಿಕೊಳ್ಳುತ್ತಿದ್ದೆ. ಗಾಡಿಯ ಮೇಲೆ ಮಾತ್ರ ಹಾಕಿಕೊಳ್ಳಲಿಲ್ಲ. ಹಾಕಿಕೊಂಡರೆ ಮೀಟರ್ ಕಾಣುತ್ತದೆ, ಎದುರಿನ ಲಾರಿ ಕಾಣುವುದಿಲ್ಲ. ಎರಡರಲ್ಲಿ ಲಾರಿ ಕಾಣುವುದು ಮುಖ್ಯ ಎಂದು ನನ್ನ ಸಾಮಾನ್ಯ ಬುದ್ಧಿಗೂ ತಿಳಿಯುತ್ತಿತ್ತು. ಸಾಲದ್ದಕ್ಕೆ ಮೀಟರಿನ ಗಾಜು ಹಾಲಿನಂತೆ ಬೆಳ್ಳಗಾಗಿತ್ತು. ವರ್ಷ ವರ್ಷ ಹಚ್ಚಿದ ಕುಂಕುಮ ಮಳೆನೀರಿನೊಂದಿಗೆ ಸಂದಿಯೊಳಗೆ ಇಳಿದು, ತಳದಲ್ಲಿ ಒಂದು ಕೆಂಪು ಅರ್ಧಚಂದ್ರ ಕೂತಿತ್ತು.

ಹಾಗಾಗಿ ಮೀಟರ್ ಓದುವ ಕೆಲಸ ಗಿರಿಜಾಳದಾಯಿತು. ನನ್ನ ಎಡ ಹೆಗಲ ಮೇಲೆ ಗದ್ದ ಇಟ್ಟು ಹೇಳುತ್ತಿದ್ದಳು.

"ಇಪ್ಪತ್ತೈದ ಐತಿ. ಹೋಗ್ರಿ."

"ಮೂವತ್ತ ಆತು. ಇರ್ಲಿ, ರೋಡ್ ಖಾಲಿ ಐತಿ."

"ನಲವತ್ತ್ ಆತ್ರೀ, ಯಾರ್ ಮನಿ ಕೊಳ್ಳಿ ಹೊತ್ಯಾವು?"

ನಾನು ವೇಗ ಏರಿಸುತ್ತಿದ್ದೆ, ಇಳಿಸುತ್ತಿದ್ದೆ. ಉತ್ತರ ಕೊಡುತ್ತಿರಲಿಲ್ಲ. ಮೊದಲಿನಿಂದಲೂ ನನಗೆ ಮಾತು ಕಡಿಮೆ. ನಮ್ಮ ಅಪ್ಪನೂ ಹಾಗೆಯೇ. ಊರಲ್ಲಿ ನಮ್ಮದೊಂದು ಚಕ್ಕಡಿ ಇತ್ತು. ಸಂತೆಯಿಂದ ಬರುವಾಗ ಅಪ್ಪ ಹಗ್ಗ ಕೈಗೆ ಸುತ್ತಿಕೊಂಡು ನಿದ್ದೆ ಹೋಗುತ್ತಿದ್ದ. ಎತ್ತಿನ ಕೊರಳ ಗೆಜ್ಜೆ ಒಂದೇ ಹದದಲ್ಲಿ ಕೇಳುತ್ತಿರುವ ತನಕ ಗೊರಕೆ. ಹದ ತಪ್ಪಿದರೆ ಕಣ್ಣು ತೆರೆಯದೆ "ಹೂಂ" ಎನ್ನುತ್ತಿದ್ದ. ಎತ್ತುಗಳು ಮತ್ತೆ ಹದಕ್ಕೆ ಬರುತ್ತಿದ್ದವು. ಹಿಂದೆ ಹೊಟ್ಟಿನ ಚೀಲದ ಮೇಲೆ ಮಲಗಿದ ನನಗೆ ಆಕಾಶ ಅಲುಗಾಡುತ್ತ ಹೋಗುವುದಷ್ಟೇ ಕಾಣುತ್ತಿತ್ತು. ಮನೆ ಬಂದದ್ದು ನಾಯಿ ಬೊಗಳಿದ ಮೇಲೆ ತಿಳಿಯುತ್ತಿತ್ತು.

ಮೀಟರ್ ಎನ್ನುವುದನ್ನು ಮೊದಲು ನೋಡಿದ್ದು ನಮ್ಮೂರಿಗೆ ಬರುತ್ತಿದ್ದ ಒಂದೇ ಬಸ್ಸಿನಲ್ಲಿ. ನೋಡಿದೆ ಎನ್ನುವುದೂ ತಪ್ಪು. ಡ್ರೈವರನ ಮುಂದೆ ಮೀಟರ್ ಇರಬೇಕಾದ ಜಾಗದಲ್ಲಿ ದುಂಡನೆಯ ತೂತಿತ್ತು. ಅದರೊಳಗೆ ಆತ ಬೀಡಿಕಟ್ಟು, ಬೆಂಕಿಪೆಟ್ಟಿಗೆ ಇಡುತ್ತಿದ್ದ. ಬಸ್ಸಿಗೆ ಅಂಥದೊಂದು ಕಪಾಟು ಇರುತ್ತದೆ ಎಂದೇ ನಾನು ತಿಳಿದಿದ್ದೆ. ಆಮೇಲೆ ಶಾಲೆಯಲ್ಲಿ ನಮ್ಮ ಆಟ ಶುರುವಾಯಿತು. ಒಬ್ಬ ಎರಡು ಕೈ ಮುಂದೆ ಚಾಚಿ ಬಾಯಲ್ಲಿ ಡುರ್ರ್ ಎಂದು ಓಡಬೇಕು. ಇನ್ನೊಬ್ಬ ಅವನ ಅಂಗಿ ಹಿಡಿದು ಹಿಂದೆ ಓಡಬೇಕು. ಡಬ್ಬಿಯ ಮುಚ್ಚಳವೊಂದು ಮೀಟರು. ಅದನ್ನು ಹಿಡಿಯುವವನು ಹಿಂದಿನವನೇ, ಯಾಕೆಂದರೆ ಮುಂದಿನವನ ಎರಡೂ ಕೈ ಹ್ಯಾಂಡಲಿನ ಮೇಲೆ. "ನೂರು! ಇನ್ನೂರು!" ಎಂದು ಅವನು ಕೂಗಿದ ಹಾಗೆ ಮುಂದಿನವನು ಸಾಯುವ ಹಾಗೆ ಓಡುತ್ತಿದ್ದ.

ನೋಡಿ, ಎಲ್ಲಿಂದ ಎಲ್ಲಿಗೋ ಬಂದೆ. ಮೀಟರ್ ಬಿಚ್ಚುವ ಮಾತಾಗಿತ್ತಲ್ಲವೇ?

ನನ್ನ ಲೆಕ್ಕ ಇಷ್ಟೇ ಇತ್ತು. ಓಡಿಸುವಾಗ ಕಣ್ಣೆದುರು ಆ ದುಂಡು ಗಾಜು ಇರುತ್ತದೆ. ಅದನ್ನು ಓದುವವರು ಇಲ್ಲ. ಆ ಗಾಜೇ ಇಲ್ಲದಿದ್ದರೆ ಓದುವವರಿಲ್ಲ ಎಂಬುದೂ ನೆನಪಾಗಲಿಕ್ಕಿಲ್ಲ. ಗಾಡಿಯ ಕೀಲಿ ಹಾಕುವ ತೂತು ಪಕ್ಕದ ಪೆಟ್ಟಿಗೆಯಲ್ಲಿದೆ. ಮೀಟರ್ ತೆಗೆದರೂ ಎಂಜಿನ್ನಿಗೆ ಏನೂ ಆಗುವುದಿಲ್ಲ. ಪೊಲೀಸರು ಕೇಳಿದರೆ ರಿಪೇರಿಗೆ ಕೊಟ್ಟಿದ್ದೇನೆ ಅಂದರಾಯಿತು. ಇದು ಮಕ್ಕಳ ಲೆಕ್ಕ ಎಂದು ನಿಮಗೆ ಅನಿಸಬಹುದು. ಮನೆಯಲ್ಲಿ ಸಾವಾದ ಮೇಲೆ ಇಂಥ ಲೆಕ್ಕಗಳೇ ನಮ್ಮನ್ನು ನಡೆಸುತ್ತವೆ. ಅವಳ ಚಪ್ಪಲಿ ಬಾಗಿಲ ಎಡಕ್ಕಿದ್ದದ್ದನ್ನು ಬಲಕ್ಕಿಟ್ಟರೆ ಹೊರಗೆ ಹೋಗಿ ಬರುವುದು ಸಲೀಸಾಗುತ್ತದೆ ಎಂದು ಒಂದು ವಾರ ನಂಬಿದ್ದೆ.

ಮೊದಲು ಬ್ಯಾಟರಿಯ ವೈರ್ ಕಳಚಿದೆ. ಹೆಡ್‌ಲೈಟಿನ ಸುತ್ತಿನ ಬಳೆ ಸಡಿಲಿಸಿ ದೀಪ ಈಚೆಗೆ ತೆಗೆದೆ. ಅದರ ಹಿಂದೆ ವೈರುಗಳ ದೊಡ್ಡ ಗೂಡು. ಕೆಂಪು, ಹಸಿರು, ಹಳದಿ, ಧೂಳು ಕುಡಿದು ಎಲ್ಲವೂ ಒಂದೇ ಬಣ್ಣಕ್ಕೆ ಬಂದಿದ್ದವು. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಒಂದೊಂದಕ್ಕೂ ಗಿರಿಜಾಳ ಹೊಲಿಗೆ ಡಬ್ಬಿಯ ಬಣ್ಣದ ದಾರ ಕಟ್ಟಿದೆ, ಮತ್ತೆ ಜೋಡಿಸುವಾಗ ತಿಳಿಯಲಿ ಎಂದು. ಸ್ಕ್ರೂಗಳನ್ನು ಮಿಷ್ಟಿ ದೋಯಿ ತಂದ ಮಣ್ಣಿನ ಕುಡಿಕೆಯಲ್ಲಿ ಹಾಕಿದೆ. ಈ ಊರಿನಲ್ಲಿ ಸಿಹಿ ಮೊಸರು ತಿಂದ ಮೇಲೆ ಕುಡಿಕೆಯನ್ನು ಎಸೆಯುತ್ತಾರೆ. ಗಿರಿಜಾ ಎಸೆಯಲು ಬಿಡುತ್ತಿರಲಿಲ್ಲ. ತೊಳೆದು ಜೋಡಿಸಿಡುತ್ತಿದ್ದಳು. ಅಡಿಗೆಮನೆಯ ಮೇಲಿನ ಹಲಗೆಯಲ್ಲಿ ಒಂದು ಕುಂಬಾರರ ಅಂಗಡಿಯೇ ಇದೆ. ಮೊಸರಿಗೆ ಸಕ್ಕರೆ ಹಾಕುವ ಜನರ ಮೇಲೆ ಅವಳಿಗೆ ಕೊನೆಯವರೆಗೂ ಒಂದು ಅನುಮಾನ ಇತ್ತು, ಕುಡಿಕೆಯ ಮೇಲೆ ಮಾತ್ರ ಬಹಳ ಪ್ರೀತಿ.

ಮೀಟರ್ ಕೂತ ಡ್ಯಾಶಿನ ತಗಡನ್ನು ಹಿಡಿದ ಬೋಲ್ಟುಗಳು ಸುಲಭವಾಗಿ ಬಂದವು. ಸಣ್ಣ ಬಲ್ಬುಗಳನ್ನು ರಬ್ಬರಿನ ಗುಂಡಿಯ ಸಮೇತ ಎಳೆದೆ. ಹಣ್ಣಿನಿಂದ ಬೀಜ ಕಿತ್ತ ಹಾಗೆ ಬಂದವು. ಮೇಲೆ ತಾರಸಿಯಿಂದ ಆಗಾಗ "ಭೋ ಕಾಟ್ಟಾ" ಎಂಬ ಕೂಗು. ಯಾರದೋ ಪಟದ ದಾರ ಕತ್ತರಿಸಿದಾಗ ಹಾಗೆ ಕೂಗುತ್ತಾರೆ. ಕತ್ತರಿಸಿದ ಪಟವೊಂದು ಅವಸರವಿಲ್ಲದೆ ಇಳಿದು ಬಂದು ಬೇವಿನ ಮರಕ್ಕೆ ಸಿಕ್ಕಿತು. ಅದನ್ನು ನೋಡುತ್ತ ಎಷ್ಟು ಹೊತ್ತು ಕುಳಿತೆನೋ.

ಗಿರಿಜಾಳ ಕಾಯಿಲೆಯ ಕಾಲದಲ್ಲಿ ಆಸ್ಪತ್ರೆಗೂ ಇದೇ ಗಾಡಿಯಲ್ಲಿ ಹೋಗುತ್ತಿದ್ದೆವು. ಟ್ಯಾಕ್ಸಿಯಲ್ಲಿ ಹೋಗೋಣ ಎಂದರೆ ಅವಳು ಒಪ್ಪುತ್ತಿರಲಿಲ್ಲ. ಟ್ಯಾಕ್ಸಿಯೊಳಗೆ ಮಲಗಿದವರ ವಾಸನೆ ಇರುತ್ತದೆ ಎನ್ನುತ್ತಿದ್ದಳು. ವಾಪಸು ಬರುವಾಗ ಮೈದಾನದ ರಸ್ತೆ. ಒಂದು ಕಡೆ ಹುಲ್ಲು, ಮಂಜು, ಮೇಯುವ ಕುದುರೆಗಳು. ಇನ್ನೊಂದು ಕಡೆ ಖಿದಿರ್‌ಪುರಕ್ಕೆ ಹೋಗುವ ಟ್ರ್ಯಾಮಿನ ಹಳಿ.

"ಮೂವತ್ತ ಐತ್ರಿ. ಸಾವಕಾಶ," ಎನ್ನುತ್ತಿದ್ದಳು.

ನಾನು ಇಳಿಸುತ್ತಿದ್ದೆ.

"ಇನ್ನೂ ಮೂವತ್ತ ಐತಿ."

ಮತ್ತೆ ಇಳಿಸುತ್ತಿದ್ದೆ. ಎರಡನೆಯ ಗೇರಿನಲ್ಲಿ ಎಂಜಿನ್ ಗೂರಲು ಹತ್ತಿದವರ ಹಾಗೆ ಕೆಮ್ಮುತ್ತಿತ್ತು. ಒಂದು ದಿನ ಹಿಂದಿನಿಂದ ಗಂಟೆ ಬಾರಿಸುತ್ತ ಟ್ರ್ಯಾಮು ಬಂತು. ಬಂದು ನಮ್ಮನ್ನು ದಾಟಿ ಮುಂದೆ ಹೋಯಿತು. ಕೋಲ್ಕತ್ತಾದ ಟ್ರ್ಯಾಮು ಗೊತ್ತಿದ್ದವರಿಗೆ ಇದರ ಅವಮಾನ ಅರ್ಥವಾಗುತ್ತದೆ. ಅದನ್ನು ನಡೆದು ಹೋಗುವವರೂ ಒಮ್ಮೊಮ್ಮೆ ದಾಟುತ್ತಾರೆ. ಬಾಗಿಲಲ್ಲಿ ಜೋತುಬಿದ್ದ ಕಂಡಕ್ಟರ್ ನನ್ನನ್ನೇ ನೋಡುತ್ತ, "ಕೀ ದಾದಾ, ತೇಲ್ ನೇಯಿ?" ಎಂದ. ಏನಣ್ಣ, ಪೆಟ್ರೋಲ್ ಇಲ್ಲವಾ ಎಂದು.

"ಮೀಟರ್ ಕೆಟ್ಟದೇನ?" ಎಂದೆ ಗಿರಿಜಾಗೆ.

"ಮೀಟರ್ ಛಲೋ ಐತಿ. ಟ್ರ್ಯಾಮಿನಾವ ಇವತ್ತ ಭಾಳ ಜೋರ್ ಹೊಂಟಾನ."

ನಾನು ಅದನ್ನೂ ನಂಬಿದೆ. ಟ್ರ್ಯಾಮಿನ ಡ್ರೈವರನಿಗೂ ಮನೆಯಲ್ಲಿ ಏನೋ ಅವಸರವಿರಬೇಕು ಅಂದುಕೊಂಡೆ.

ಈಗ ಉಳಿದದ್ದು ಕೇಬಲ್ಲು. ಮುಂದಿನ ಗಾಲಿಯಿಂದ ಹೊರಟು ಮೀಟರಿನ ಹೊಟ್ಟೆಗೆ ಬಂದು ಸೇರುವ ಕಪ್ಪು ಕೊಳವೆ ಅದು. ಅದರೊಳಗೊಂದು ಹುರಿಗೊಂಡ ತಂತಿ ಇರುತ್ತದೆ. ಗಾಲಿ ತಿರುಗಿದ ಹಾಗೆ ತಂತಿ ತಿರುಗುತ್ತದೆ, ತಂತಿ ತಿರುಗಿದ ಹಾಗೆ ಮುಳ್ಳು ಏಳುತ್ತದೆ. ಕೊಳವೆಯನ್ನು ಮೀಟರಿಗೆ ಹಿಡಿದಿದ್ದ ಗೀರುಗೀರಿನ ನಟ್ಟು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಕೊಬ್ಬರಿ ಎಣ್ಣೆ ಬಿಟ್ಟೆ. ಕಾದೆ. ಬಟ್ಟೆ ಸುತ್ತಿ ಇಕ್ಕಳದಿಂದ ಹಿಡಿದೆ. ಕಡೆಗೆ ಕಿರ್ ಎಂದು ತಿರುಗಿತು. ಡ್ಯಾಶು, ಮೀಟರು ಎರಡೂ ಕೈಗೆ ಬಂದವು. ಇಷ್ಟು ವರ್ಷ ಎದುರಿಗಿದ್ದದ್ದು ಮಡಿಲಲ್ಲಿ ಇಷ್ಟು ಹಗುರ ಇರುತ್ತದೆ ಎಂದು ಗೊತ್ತಿರಲಿಲ್ಲ.

ಕೊಳವೆಯೊಳಗೆ ಧೂಳು ಹೋಗದಿರಲೆಂದು ಅದರ ಬಾಯಿಗೆ ಬಟ್ಟೆ ತುರುಕಲು ಹೋದಾಗ ತಂತಿಯ ತುದಿ ಬೆರಳಿಗೆ ತಾಗಿತು. ಹಿಡಿದು ಎಳೆದೆ. ಅದು ಗಾಲಿಯವರೆಗೂ ಹೋಗುವ ತಂತಿ, ನನ್ನ ಎದೆಯೆತ್ತರ ಬರಬೇಕು. ಗೇಣುದ್ದ ಬಂದು ಮುಗಿದುಹೋಯಿತು. ತುಂಡಾದ ತುದಿ ಕಂದು ತುಕ್ಕು ಹಿಡಿದು, ಚೂಪೆಲ್ಲ ಸವೆದು ಮೊಂಡಾಗಿತ್ತು. ಅದಕ್ಕೆ ಮೆತ್ತಿದ್ದ ಗ್ರೀಸು ಹಳೆಯ ಬೆಲ್ಲದ ಹಾಗೆ ಗಟ್ಟಿಯಾಗಿತ್ತು. ನಿನ್ನೆ ಮೊನ್ನೆ ತುಂಡಾದದ್ದಲ್ಲ. ಹೋದ ವರ್ಷದ್ದೂ ಅಲ್ಲ.

ನಾನು ತಂತಿ ನೋಡುತ್ತ ಕುಳಿತಿದ್ದಾಗ ಸುಮಾ ಎರಡು ಕಪ್ ಚಹಾ ಹಿಡಿದು ಕೆಳಗೆ ಬಂದಳು. ನಿದ್ದೆಯಿಂದ ಎದ್ದ ಕಣ್ಣು, ಹೆಗಲಿಗೆ ಜಾರಿದ ಜಡೆ.

"ಏನ್ ಮಾಡಾತಿ ಇದು? ಮಾಶಿಮಾ ಉಪರ್ ಸೇ ಫುಲ್ ಕಂಪ್ಲೇಂಟ್ ಮಾಡಾತಾಳ."

"ಈ ತಂತಿ ನೋಡು."

ನೋಡಿದಳು. ನನ್ನನ್ನೂ ನೋಡಿದಳು. ಕಪ್ಪುಗಳನ್ನು ಮೆಟ್ಟಿಲ ಮೇಲೆ ಇಟ್ಟು ಪಕ್ಕದಲ್ಲಿ ಕುಳಿತಳು.

"ಅಪ್ಪಾ, ಸೀರಿಯಸ್ಲಿ ನಿಂಗ ಗೊತ್ತ ಇರ್ಲಿಲ್ಲಾ?"

"ಏನು?"

"ಮೀಟರ್ ಬಂದ್ ಇದ್ದಿದ್ದು. ನಾ ಟ್ಯಾಂಕಿ ಮ್ಯಾಲ ಕೂಡ್ತಿದ್ನೆಲ್ಲಾ ಸಣ್ಣಾಕಿ ಇದ್ದಾಗ, ಅವಾಗಿಂದ ಜೀರೋನ ಐತದು."

ಅವಳು ನಾಲ್ಕನೆಯ ತರಗತಿಯಲ್ಲಿದ್ದಾಗ ನನ್ನ ಮುಂದೆ ಟ್ಯಾಂಕಿನ ಮೇಲೆ ಕೂರುತ್ತಿದ್ದದ್ದು ನಿಜ. ಅವಳ ತಲೆಯೇ ಮೀಟರನ್ನು ಮುಚ್ಚುತ್ತಿತ್ತು. ಆಗಲೇ ಶುರುವಾಗಿದ್ದ ಚಾಳೀಸು, ಅವಳು ದೊಡ್ಡವಳಾಗಿ ಇಳಿದ ಮೇಲೂ ಅದನ್ನು ಮುಚ್ಚಿಯೇ ಇಟ್ಟಿತು.

"ಹಂಗಾರ ನಿಮ್ಮವ್ವ ಏನ್ ಓದ್ತಿದ್ಲು?"

ಸುಮಾ ನಗಲು ಶುರು ಮಾಡಿದಳು. ನಗುತ್ತಲೇ ಕಣ್ಣು ಒರೆಸಿಕೊಂಡಳು.

"ಏನೂ ಓದ್ತಿರ್ಲಿಲ್ಲಪಾ. ಅಮ್ಮ ಕಣ್ ಮುಚ್ಕೊಂಡ ಕೂಡ್ತಿದ್ಲು. ಆ ಲೆಫ್ಟ್ ಮಿರರ್‌ನಾಗ ನಂಗ ಕಾಣ್ತಿತ್ತು. ಕಣ್ ಮುಚ್ಚಿ, ಹಿಂಗ ನಿನ್ ಹೆಗಲ ಮ್ಯಾಲ ಗದ್ದ ಇಟ್ಟು, 'ಮೂವತ್ತೈದ್ ಆತು' ಅಂತಿದ್ಲು. ನಂಗ ನಗು ತಡಿಯಾಕ ಆಗ್ತಿರ್ಲಿಲ್ಲ. ಒಮ್ಮೆ ಕಣ್ ತಗದು ನನ್ನ ನೋಡಿದ್ಲು. ತುಟಿ ಮ್ಯಾಲ ಬೆರಳ ಇಟ್ಲು."

ಎಡಗಡೆಯ ಕನ್ನಡಿ. ನನಗೆ ಅದು ನನ್ನ ಮೊಣಕೈ ಬಿಟ್ಟು ಬೇರೆ ಏನನ್ನೂ ತೋರಿಸಿದ್ದಿಲ್ಲ.

"ಯಾಕ ಹೇಳ್ಲಿಲ್ಲ ನನಗ?"

"ನಾ ಕೇಳಿದ್ನಿ. ರಿಪೇರಿ ಮಾಡ್ಸೋಣು ಅಂದ್ರ ಅಮ್ಮ ಬ್ಯಾಡ ಅಂದ್ಲು. 'ಮೊದ್ಲ ಮಾತಿಲ್ಲದ ಮನಿಷ್ಯಾ. ಮೀಟರ್ ನೆಟ್ಟಗಾತು ಅಂದ್ರ ಅದನ್ನ ನೋಡ್ಕೋತ ಹೊಂಟ್ಬಿಡ್ತಾನ. ದಾರಿ ತುಂಬ ನಾ ಯಾರ್ ಕೂಡ ಮಾತಾಡ್ಲಿ?' ಅಂದ್ಲು."

ಮೇಲೆ ಮತ್ತೊಂದು ಪಟ ಹೋಯಿತು. ಕೂಗು ಕೇಳಿತು. ನಾನು ಚಹಾ ಕುಡಿದೆ. ಆರಿಹೋಗಿತ್ತು.

ಏನೆನಿಸಿತು ಎಂದು ಸರಿಯಾಗಿ ಹೇಳಲು ನನಗೆ ಬರುವುದಿಲ್ಲ. ಮೊದಲು ಸ್ವಲ್ಪ ಸಿಟ್ಟು ಬಂತು. ಇಷ್ಟು ವರ್ಷ ಒಬ್ಬ ಸಂಸಾರಸ್ಥ, ಸರ್ಕಾರಿ ನೌಕರ, ಬಾಯಿಗೆ ಬಂದ ಸಂಖ್ಯೆ ಕೇಳಿಕೊಂಡು ಈ ಊರಿನ ಲಾರಿ, ಬಸ್ಸು, ಟ್ರ್ಯಾಮುಗಳ ನಡುವೆ ಓಡಾಡಿದ್ದಾನೆ. ಆಮೇಲೆ ಒಂದೊಂದೇ ದಾರಿ ನೆನಪಾಗತೊಡಗಿತು. ರಥದಂತೆ ಅಲಂಕರಿಸಿದ ಪೂಜಾ ಪೆಂಡಾಲುಗಳ ಮುಂದೆ "ನಲವತ್ತ ಐತಿ, ಸಾವಕಾಶ" ಎಂದವಳಿಗೆ ದೀಪ ನೋಡಬೇಕಿತ್ತು. ಮೀನು ಮಾರ್ಕೆಟ್ಟಿನ ಎದುರು ಸೆರಗು ಮೂಗಿಗೆ ಹಿಡಿದು "ಹತ್ತೂ ಇಲ್ಲಲ್ಲರಿ, ನಡೀರಿ" ಎಂದದ್ದು ವಾಸನೆಗೆ. ಬಿಬಿಡಿ ಬಾಗಿನ ಬ್ಯಾಂಕಿಗೆ ಹೋಗುವಾಗ, ನನ್ನ ಮೇಲೆ ಸಿಟ್ಟಿದ್ದ ದಿನ, "ಅರವತ್ತ" ಎಂದು ಒಂದೇ ಮಾತು. ನಾನು ಗಾಬರಿಯಾಗಿ ಬ್ರೇಕ್ ಒತ್ತಿದ್ದೆ. ಆಗ ನಾನು ಹೋಗುತ್ತಿದ್ದದ್ದು ಎತ್ತಿನ ಗಾಡಿಯ ವೇಗದಲ್ಲಿ ಇದ್ದಿರಬೇಕು.

ಮೈದಾನದ ಮೂವತ್ತು ಮಾತ್ರ ಬೇರೆ. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹುಲ್ಲಿನ ಮೇಲೆ ಬಿಸಿಲು ಇತ್ತು, ಮನೆ ಇನ್ನೂ ದೂರ ಇರಲಿ ಎಂದು ಅವಳಿಗೆ ಅನಿಸಿತ್ತು. ಅಷ್ಟೇ.

ಆದರೆ ನನ್ನ ಲೆಕ್ಕವೆಲ್ಲ ಕುಸಿದಿತ್ತು. ಯಾವ ಗಾಜನ್ನು ತೆಗೆದರೆ ಗಾಡಿ ಓಡಿಸಬಹುದು ಎಂದುಕೊಂಡಿದ್ದೆನೋ ಆ ಗಾಜು ಎಂದೂ ಏನನ್ನೂ ಹೇಳಿರಲೇ ಇಲ್ಲ. ಅದು ಕತ್ತಲೆ ಕೋಣೆಯ ಗಡಿಯಾರದ ಹಾಗೆ ಸುಮ್ಮನೆ ಕೂತಿತ್ತು. ಅದನ್ನು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡು ಏನು ಬಂತು? ಕೆಂಪು ಅರ್ಧಚಂದ್ರದ ಕುಂಕುಮ ಪೇಪರಿನ ಮೇಲೆ ಉದುರಿತ್ತು. ಬೆರಳಿನಿಂದ ಒರೆಸಿದೆ, ಬೆರಳು ಕೆಂಪಾಯಿತು. ಭಾನುವಾರ ಆ ಬೆಂಗಳೂರಿನವನು ಬಂದರೆ ಬಿಡಿ ಭಾಗಗಳನ್ನು ಚೀಲದಲ್ಲಿ ಹಾಕಿ ಕೊಡಬೇಕಾದೀತು ಎನಿಸಿತು.

"ಕೊಟ್ ಬಿಡೋಣಾಂತಿ?" ಎಂದಳು ಸುಮಾ. ಮೆತ್ತಗೆ ಕೇಳಿದಳು.

ನಾನು ತಂತಿಯ ತುಂಡನ್ನು ಸ್ಕ್ರೂಗಳ ಕುಡಿಕೆಯಲ್ಲಿ ಇಟ್ಟೆ.

"ಕಣ್ ಮುಚ್ಕೊಂಡ ಕೂಡ್ತಿದ್ಲಾ? ಖರೇನಾ?"

"ಭಾಳ ಸರ್ತಿ. ಒಂದೊಂದ್ ಸಲ ನಿದ್ದಿ ಹತ್ತಿರ್ತಿತ್ತು ಅಮ್ಮಗ. ನಿದ್ದಿಗಣ್ಣಾಗ ನಂಬರ್ ಹೇಳ್ತಿದ್ಲು."

ಡೈಮಂಡ್ ಹಾರ್ಬರ್ ರಸ್ತೆಯ ಆ ಗದ್ದಲದಲ್ಲಿ, ಎಡಕ್ಕೆ ಲಾರಿ, ಬಲಕ್ಕೆ ಮಿನಿಬಸ್ಸು, ಮುಂದೆ ಹಗಲಲ್ಲೇ ರಸ್ತೆ ಮಧ್ಯದಲ್ಲಿ ಮಲಗಿದ ಹಸು. ಇಷ್ಟರ ನಡುವೆ ನನ್ನ ಬೆನ್ನ ಹಿಂದೆ ಒಬ್ಬಳು ನಿದ್ದೆ ಮಾಡುತ್ತಿದ್ದಳು. ಇಷ್ಟು ದಿನ ನಾನು ತಿಳಿದದ್ದು ಅವಳು ನನ್ನನ್ನು ಕಾಯುತ್ತಿದ್ದಳು ಎಂದು. ಅವಳು ಎಚ್ಚರವಾಗಿಯೇ ಇರಲಿಲ್ಲ. ಗಾಡಿಯನ್ನು ಓಡಿಸುತ್ತಿದ್ದವನು ನಾನೊಬ್ಬನೇ.

ಎದ್ದು ನಿಂತೆ. ಮೊಣಕಾಲು ಚಟ್ ಎಂದಿತು. ಹೆಡ್‌ಲೈಟನ್ನು ಅದರ ಗೂಡಿಗೆ ಸೇರಿಸಿ ಬಳೆ ಬಿಗಿದೆ. ಬ್ಯಾಟರಿಯ ವೈರ್ ಹಾಕಿದೆ. ಮೀಟರಿದ್ದ ಜಾಗದಲ್ಲಿ ಜೋತುಬಿದ್ದ ಬಲ್ಬುಗಳನ್ನು ದಾರದಿಂದ ಒಂದು ಕಡೆ ಕಟ್ಟಿದೆ.

"ಎಲ್ಲಿಗಿ?" ಎಂದಳು ಸುಮಾ.

"ಹತ್ತು."

"ನಾನಾ? ಚಪ್ಪಲ್ ಹಾಕ್ಕೊಂಡ್ ಬರ್ತೀನಿ, ತಡಿ. ಏಳಕ್ಕ ಗಾಡಿ ಬರ್ತೈತಿ ನಂದು."

ಮಾಶಿಮಾ ಮೇಲಿನ ಕಿಟಕಿಯಿಂದ ನೋಡುತ್ತಿದ್ದರು. ಒದ್ದೆ. ಒದ್ದೆ. ಬೆಕ್ಕು ದೂರ ಹೋಗಿ ಕುಳಿತು ನೋಡಿತು. ಎಷ್ಟನೆಯದೋ ಒದೆತಕ್ಕೆ ಗಾಡಿ ಶುರುವಾಯಿತು. ಮೆಟ್ಟಿಲ ಕೆಳಗೆಲ್ಲ ನೀಲಿ ಹೊಗೆ ತುಂಬಿತು.

ಹೊರಟದ್ದು ಗಾರ್ಡನ್ ರೀಚಿನ ಕಡೆ. ಗಾಡಿಯ ಮುಖ ಆ ಕಡೆಗಿತ್ತು. ಡಾಕಿನ ಗೋಡೆ, ಸಾಲು ಲಾರಿಗಳು, ಹಾರ ಹಾಕಿಕೊಂಡ ಕ್ರೇನುಗಳು. ಆವತ್ತು ಕ್ರೇನಿಗೂ ರಜೆ. ಸುಮಾ ಹಿಂದೆ ಕುಳಿತು ಮೊಬೈಲಿನಲ್ಲಿ ಯಾರಿಗೋ ಏನೋ ಒತ್ತುತ್ತಿದ್ದಳು. ನಾನು ಮೂರನೆಯ ಗೇರಿಗೆ ಬಂದೆ. ಗಾಡಿ ಹೋಗುತ್ತಿತ್ತು. ನಾಲ್ಕನೆಯದಕ್ಕೆ ಹಾಕಿದೆ.

ಡಾಕಿನ ಬಾಯಿಗೆ ಅಡ್ಡವಾಗಿ ಒಂದು ತಿರುಗುವ ಸೇತುವೆ ಇದೆ. ಹಡಗು ಒಳಗೆ ಬರುವಾಗ ರಸ್ತೆಯೇ ಪಕ್ಕಕ್ಕೆ ತಿರುಗಿ ನಿಲ್ಲುತ್ತದೆ. ನಾವು ಹೋಗುವ ಹೊತ್ತಿಗೆ ಗೇಟು ಬಿದ್ದಿತ್ತು. ಸೈಕಲ್ಲು, ವ್ಯಾನು, ಮಿನಿಬಸ್ಸು ಎಲ್ಲ ಎಂಜಿನ್ ಆರಿಸಿ ನಿಂತಿದ್ದವು. ನಾನೂ ಆರಿಸಿದೆ. ಇದ್ದಕ್ಕಿದ್ದಂತೆ ಬಹಳ ನಿಶ್ಶಬ್ದ. ಎರಡು ಗೋಡೌನುಗಳ ನಡುವೆ, ರಸ್ತೆ ಇರಬೇಕಾದ ಜಾಗದಲ್ಲಿ, ಒಂದು ಹಡಗು ಬಂತು. ಮನೆಯೊಂದು ಜಾಗ ಬದಲಿಸಿದ ಹಾಗೆ ನಿಧಾನವಾಗಿ ಸರಿಯುತ್ತಿತ್ತು. ಅದರ ಪಕ್ಕೆಯ ತುಕ್ಕು ಸಂಜೆ ಬಿಸಿಲಿಗೆ ಕಿತ್ತಳೆ ಬಣ್ಣಕ್ಕೆ ಬಂದಿತ್ತು. ಮೇಲೆ ಒಬ್ಬ ಒಗೆದ ಅಂಗಿ ಒಣಹಾಕುತ್ತಿದ್ದ. ನಮ್ಮ ಕಡೆ ನೋಡಲಿಲ್ಲ.

ಕಾಯುತ್ತಿದ್ದವರಲ್ಲಿ ಕೆಲವರು ಬೇಸತ್ತು ಗಾಡಿ ತಿರುಗಿಸಿಕೊಂಡು ಹೋದರು.

"ಭಾಳ ಹೊತ್ತ ಆಗ್ತೈತಪಾ. ನಾವೂ ಹೊಳ್ಳೋಣೇನು?" ಎಂದಳು ಸುಮಾ.

"ಕಾಯೋಣು."

"ಸಂಡೇ ಬರಾಂವಗ ಏನ್ ಹೇಳ್ಲಿ?"

"ಬಂದ್ ಚಾ ಕುಡದ ಹೋಗಂತ ಹೇಳು."

ಅವಳು ನಕ್ಕಳು. ಮೊಬೈಲನ್ನು ಚೀಲದೊಳಗೆ ಹಾಕಿದಳು.

ಹಡಗಿನ ಹಿಂಭಾಗ ಗೋಡೌನಿನ ಮರೆಗೆ ಹೋಯಿತು. ಅದು ಕಲಕಿದ ನೀರು ಇನ್ನೂ ಗೋಡೆಗೆ ಬಡಿಯುತ್ತಿತ್ತು. ಸೇತುವೆ ಮುಲುಗುತ್ತ ತಿರುಗಿ ಬಂದು ರಸ್ತೆಗೆ ಸೇರಿತು. ಗೇಟು ಎದ್ದಿತು. ಹಿಂದಿನ ಲಾರಿಯವನು ಹಾರ್ನ್ ಒತ್ತಿದ. ನಾನು ಒದ್ದೆ, ಶುರುವಾಯಿತು. ಕಬ್ಬಿಣದ ಹಲಗೆಗಳ ಮೇಲೆ ಗಾಲಿ ಗಡಗಡ ಎಂದಿತು.

ದಾಟಿದೆವು. ಆಚೆ ನಮಗೆ ಏನೂ ಕೆಲಸವಿರಲಿಲ್ಲ.